ಕೂಗದ ತಿರುವು

ಇಟಲಿಯ ಬ್ರೆಂತಾಲ್ಬಾ ಎಂಬ ಊರಿನಲ್ಲಿ ಬೀದಿಗಳಿಗಿಂತ ಕಾಲುವೆಗಳೇ ಹೆಚ್ಚು. ಮೀನುಪೇಟೆ ದಾಟಿದ ಮೇಲೆ ಒಂದು ಕಾಲುವೆ ಎರಡು ಎತ್ತರದ ಮನೆಗಳ ನಡುವೆ ಥಟ್ಟನೆ ಬಲಕ್ಕೆ ಹೊರಳುತ್ತದೆ. ಆ ಜಾಗಕ್ಕೆ 'ಕೂಗದ ತಿರುವು' ಎಂದು ಹೆಸರು. ಇಂಥ ಕಡೆ ಆಚೆಯಿಂದ ಬರುವ ದೋಣಿ ಈಚೆಯವನಿಗೆ ಕಾಣುವುದಿಲ್ಲ. ಆದ್ದರಿಂದ ಹೊರಳುವ ಮೊದಲು ಅಂಬಿಗ 'ಓಯ್' ಎಂದು ಕೂಗಬೇಕು, ಕೇಳಿಸಿಕೊಂಡವನು ಮರುಕೂಗು ಕೊಟ್ಟು ದೋಣಿ ತಡೆಯಬೇಕು. ಇದು ಎಲ್ಲ ಅಂಬಿಗರ ಕಟ್ಟಳೆ. ಹಾಗಿದ್ದೂ ಈ ಹೆಸರೇಕೆ ಬಂತು ಎಂಬುದಕ್ಕೆ ಊರಿನ ಹಿರಿಯರು ಒಂದು ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಅಲ್ಲಿ ಮೆನೆಗೊ ಮತ್ತು ಆಲ್ವಿಸೆ ಎಂಬ ಅಂಬಿಗ ಅಣ್ಣತಮ್ಮಂದಿರಿದ್ದರಂತೆ. ತಂದೆ ಸತ್ತಾಗ ಆಲ್ವಿಸೆ ದೂರದ ಊರಿನಲ್ಲಿದ್ದ. ಮೆನೆಗೊ ಅವನಿಗಾಗಿ ಕಾಯದೆ ಶವದ ದೋಣಿಯನ್ನು ಸ್ಮಶಾನಕ್ಕೆ ಹೊರಡಿಸಿಬಿಟ್ಟ. ತಂದೆಯ ಮುಖ ಕಾಣದ ತಮ್ಮ ಅಂದಿನಿಂದ ಅಣ್ಣನೊಡನೆ ಮಾತು ಬಿಟ್ಟ. ಮಾತು ಬಿಟ್ಟಿದ್ದೆಂದರೆ ಬರಿಯ ಮಾತಲ್ಲ, ತಿರುವಿನ ಕೂಗನ್ನೂ ಬಿಟ್ಟ. ಮೆನೆಗೊಗೆ ತಾನು ಮಾಡಿದ್ದು ತಪ್ಪೆಂದು ಒಳಗೊಳಗೇ ಗೊತ್ತಿತ್ತು. ತಮ್ಮ ಮತ್ತೆ ತನ್ನವನಾಗಲೆಂಬ ಆಸೆಯೂ ಇತ್ತು. ಆದರೆ ಹಿರಿಯನಾಗಿ ಮೊದಲು ಬಾಯಿ ತೆರೆಯುವುದು ಹೇಗೆ?

"ಏನಪ್ಪ ಮೆನೆಗೊ, ತಮ್ಮನ ದೋಣಿ ಕಂಡ ಕೂಡಲೇ ನಿನ್ನ ಕುತ್ತಿಗೆ ಉಳುಕುತ್ತದಲ್ಲ!" ಎಂದು ಮೀನು ಮಾರುವ ಮುದುಕಿ ಓರ್ಸೊಲಾ ಅಣಕಿಸಿದರೆ, "ನಿನ್ನ ಮೀನಿನ ವಾಸನೆಗೆ ಮುಖ ತಿರುಗಿಸಿದೆ, ಅಜ್ಜಿ" ಎಂದು ತೇಲಿಸಿಬಿಡುತ್ತಿದ್ದ.

ಒಂದು ಮುಂಜಾನೆ ಮೆನೆಗೊ ಉಪ್ಪು ತುಂಬಿದ ದೊಡ್ಡ ದೋಣಿಯೊಡನೆ ತಿರುವಿಗೆ ಬಂದ. ಆಚೆಯಿಂದ ಹುಟ್ಟಿನ ಸದ್ದು ಕೇಳಿತು. ಅದು ಆಲ್ವಿಸೆಯ ಹುಟ್ಟೇ. ಕೂಡಿ ಬೆಳೆದವನಿಗೆ ಆ ಸದ್ದಿನ ಗುರುತು ಸಿಗದಿರುತ್ತದೆಯೇ? ಕೂಗು ಗಂಟಲಿನವರೆಗೆ ಬಂತು. 'ಕಿರಿಯವನು, ಮೊದಲು ಅವನೇ ಕೂಗಲಿ' ಎಂದುಕೊಂಡು ನುಂಗಿಕೊಂಡ. ಭಾರದ ದೋಣಿ ತಡೆದರೂ ನಿಲ್ಲಲಿಲ್ಲ. ಅದರ ಹೊಡೆತಕ್ಕೆ ತಮ್ಮನ ಪುಟ್ಟ ದೋಣಿ ಗೋಡೆಗೆ ಅಪ್ಪಳಿಸಿತು. ಮೆನೆಗೊ ನೀರಿಗೆ ಹಾರಿ ತಮ್ಮನ ಹೆಂಡತಿ ಜುಸ್ತಿನಾಳನ್ನೂ ಅವಳ ತೋಳಿನ ಹಸುಗೂಸನ್ನೂ ಮೇಲಕ್ಕೆತ್ತಿದ. ಗೋಡೆಗೂ ದೋಣಿಗೂ ನಡುವೆ ಸಿಕ್ಕಿದ ಆಲ್ವಿಸೆ ಮಾತ್ರ ಉಳಿಯಲಿಲ್ಲ.

"ನಿಮ್ಮ ಮನೆಗೇ ಬರುತ್ತಿದ್ದೆವು ಭಾವ, ಮಗುವಿಗೆ ನೀವೇ ಹೆಸರಿಡಬೇಕು ಅಂತ," ಎಂದಳು ಜುಸ್ತಿನಾ. "'ಕೂಗಿ' ಅಂತ ಇವರಿಗೆ ಅಂದೆ. 'ಮನೆಗೆ ನಾನೇ ಹೋಗುತ್ತಿದ್ದೇನೆ, ಕೂಗನ್ನಾದರೂ ಅಣ್ಣ ಮೊದಲು ಕೂಗಲಿ' ಅಂದರು."

ಮೆನೆಗೊ ಬದುಕಿರುವವರೆಗೂ ಆ ತಿರುವಿನಲ್ಲಿ ದೋಣಿ ನಿಲ್ಲಿಸಿ, ತಮ್ಮನ ಹೆಸರು ಕೂಗಿ, ಉತ್ತರಕ್ಕೆ ಕಾಯುತ್ತಿದ್ದ ಎನ್ನುತ್ತಾರೆ. ಇಂದಿಗೂ ಅಲ್ಲಿ ಅಂಬಿಗರು ಹುಟ್ಟನ್ನು ನೀರಿನಿಂದೆತ್ತಿ "ಆಲ್ವಿಸೆ" ಎಂದೇ ಕೂಗುತ್ತಾರೆ. ದೋಣಿಯಲ್ಲಿ ಕುಳಿತ ಪ್ರವಾಸಿಗರು ಕೆಲವರು ತಮಾಷೆಗೆ "ಓಯ್" ಎಂದು ಉತ್ತರ ಕೊಡುವುದುಂಟು. ಅಂಬಿಗ ಅವರನ್ನು ಗದರುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಅವರ ನಗು ಅಡಗುವವರೆಗೆ ಕಾದು, ಮತ್ತೊಮ್ಮೆ ಕೂಗುತ್ತಾನೆ.