ಒದ್ದೆಯಾಗದ ಬಾಲ

ಅಂದು ಜೂನ್ ಒಂಬತ್ತು. ಬೆಳಗಿನಿಂದ ಮೋಡ ಮುಚ್ಚಿತ್ತು, ಬಿಸಿಲು ಕಾಣಲೇ ಇಲ್ಲ. ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಹೊಳೆಯ ದಡದಲ್ಲಿ ಸೇರಿ ಗಲಾಟೆ ಮಾಡುತ್ತಿದ್ದವು. ಆಚೆ ದಡದಲ್ಲಿ ಎಳೆ ಹುಲ್ಲು ಚಿಗುರಿತ್ತು. ಎಲ್ಲಕ್ಕೂ ದಾಟುವ ಆತುರ.

ದಾಟುವ ಮೊದಲು ಮುದಿ ನೀರುನಾಯಿಯನ್ನು ಕೇಳುವುದು ಅಲ್ಲಿನ ವಾಡಿಕೆ. ಎಲ್ಲರೂ ಅದನ್ನು ನೀರಜ್ಜಿ ಎನ್ನುತ್ತಿದ್ದರು. ಅದು ದಿನವೂ ಮುಳುಗಿ, ತಳದ ಮರಳು ಮುಟ್ಟಿ, ನೀರಿನ ವಾಸನೆ ನೋಡಿ ಹೇಳುತ್ತಿತ್ತು. ಅಂದು ಬೇಡ ಎಂದಿತು. ನೀರಿಗೆ ಹೊಸ ಮಣ್ಣಿನ ವಾಸನೆ ಬಂದಿದೆ, ಮೇಲೆಲ್ಲೋ ಜೋರು ಮಳೆಯಾಗಿದೆ, ಪ್ರವಾಹ ಬರುತ್ತದೆ, ನಾಳೆ ನೋಡೋಣ ಎಂದಿತು.

ನರಿಗೆ ಇದು ಹಿಡಿಸಲಿಲ್ಲ. ಹೊಳೆಯಲ್ಲಿ ಮುಳುಗಿದ ಪ್ರಾಣಿಗಳು ಕೆಳಗಿನ ಮರಳದಿಬ್ಬಕ್ಕೆ ತೇಲಿ ಬರುತ್ತಿದ್ದವು. ಅಲ್ಲಿ ನರಿಗೆ ಕೂತಲ್ಲೇ ಊಟ.

ಆ ಕಾಡಿನಲ್ಲಿ ಇನ್ನೊಂದು ವಾಡಿಕೆಯೂ ಇತ್ತು. ಹುಲಿ ಬಂದದ್ದು ಎಲ್ಲರಿಗೂ ಬೇಗ ತಿಳಿಯಲಿ ಎಂದು, ಕಿವಿಗೆ ಬಿದ್ದ ಕೂಗನ್ನು ಪ್ರತಿಯೊಬ್ಬರೂ ಒಮ್ಮೆ ಕೂಗಿ ಮುಂದೆ ದಾಟಿಸಬೇಕು. ನರಿ ಪೊದೆಯ ಹಿಂದೆ ನಿಂತು ಕೂಗಿತು: "ಹೊಳೆ ಮೊಣಕಾಲುದ್ದ! ನೀರಜ್ಜಿಗೆ ವಯಸ್ಸಾಯಿತು!"

ಅಳಿಲು ಕೂಗಿತು. ನವಿಲು ಕೂಗಿತು. ಮಂಗಗಳು ಮರದಿಂದ ಮರಕ್ಕೆ ಕೂಗಿದವು. ಸ್ವಲ್ಪ ಹೊತ್ತಿಗೆ ಇಡೀ ಕಾಡೇ ಅದನ್ನು ಹೇಳುತ್ತಿತ್ತು. ಇಷ್ಟು ಬಾಯಿಗಳು ಸುಳ್ಳು ಹೇಳುತ್ತವೆಯೇ ಎಂದು ಎಲ್ಲವೂ ನೀರಿನತ್ತ ನುಗ್ಗಿದವು. ಹೋದ ವರ್ಷವೂ ಅಜ್ಜಿ ಹೀಗೇ ಹೆದರಿಸಿತ್ತು, ಹೊಳೆ ಏರಲೇ ಇಲ್ಲ ಎಂದು ಕಾಡುಹಂದಿ ಮೂದಲಿಸಿತು.

"ಹೌದಪ್ಪ, ತಪ್ಪಿದ್ದೆ," ಎಂದಿತು ನೀರಜ್ಜಿ. "ಅದಕ್ಕೇ ಇವತ್ತು ಎರಡು ಸಲ ಮುಳುಗಿ ನೋಡಿದೆ."

ಎಲ್ಲರಿಗಿಂತ ಮುಂದೆ ಒಂದು ಜಿಂಕೆ ಇತ್ತು. ಅದರ ಮರಿ ಹುಟ್ಟಿ ಹದಿನೈದು ದಿನವೂ ಆಗಿರಲಿಲ್ಲ. ಅಜ್ಜಿಯ ಮಾತು ಕೇಳಿ ಜಿಂಕೆ ನಿಂತಿತು. ನಿನಗೆ ಯಾರು ಹೇಳಿದರು ಎಂದು ಹಂದಿಯನ್ನು ಕೇಳಿತು. ಹಂದಿ ಮಂಗನನ್ನು ತೋರಿಸಿತು, ಮಂಗ ನವಿಲನ್ನು, ನವಿಲು ಅಳಿಲನ್ನು, ಅಳಿಲು ಪೊದೆಯ ಹಿಂದಿದ್ದ ನರಿಯನ್ನು. ಜಿಂಕೆ ಎಲ್ಲರ ಕಾಲು ನೋಡಿತು. ಒಬ್ಬರದೂ ಒದ್ದೆಯಾಗಿರಲಿಲ್ಲ. ನೀರು ತೊಟ್ಟಿಕ್ಕುತ್ತಿದ್ದುದು ನೀರಜ್ಜಿಯ ಮೈಯಿಂದ ಮಾತ್ರ.

"ನರಿಯಣ್ಣ, ನೀನು ಇಳಿದು ನೋಡಿದೆಯಾ?"

"ಬೆಳಿಗ್ಗೆಯೇ ದಾಟಿ ಬಂದೆ, ತಂಗಿ. ಬಿಸಿಲಿಗೆ ಮೈ ಒಣಗಿತು."

"ಇವತ್ತು ಬಿಸಿಲೆಲ್ಲಿತ್ತು?"

ಮಂಗಗಳು ಕಿಸಕ್ಕನೆ ನಕ್ಕವು. ನರಿಯ ಬಾಲ ಹತ್ತಿಯಂತೆ ಉಬ್ಬಿತ್ತು. ಅದರ ಮೇಲೆ ನಿನ್ನೆಯ ಧೂಳು ಹಾಗೇ ಇತ್ತು.

"ಹಾಗಾದರೆ ಇನ್ನೊಮ್ಮೆ ದಾಟಿ ತೋರಿಸು," ಎಂದಿತು ಜಿಂಕೆ. "ನಿನ್ನ ಹಿಂದೆ ನಾವು ಬರುತ್ತೇವೆ."

ಪ್ರವಾಹ ಇನ್ನೂ ದೂರವಿದೆ, ನಾಲ್ಕು ಹೆಜ್ಜೆ ಹೋಗಿ ತಿರುಗಿದರಾಯಿತು ಎಂದುಕೊಂಡು ನರಿ ಇಳಿಯಿತು. ಮೂರನೆಯ ಹೆಜ್ಜೆಗೆ ಮೇಲಿನಿಂದ ಗುಡುಗಿನಂಥ ಸದ್ದು ಕೇಳಿತು. ಕೆಂಪು ನೀರು ಗೋಡೆಯಂತೆ ಬಂತು. ನರಿ ಉರುಳಿ ಹೋಗಿ ಬಂಡೆಗೆ ಬಡಿಯಿತು. ಬಾಲ ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಎಲ್ಲವೂ ನೋಡುತ್ತಿರುವಾಗಲೇ ನೀರಜ್ಜಿ ಧುಮುಕಿತು. ನರಿಯ ಕುತ್ತಿಗೆ ಕಚ್ಚಿ ಎಳೆಯಿತು. ಬಂಡೆ ಬಿಡಲಿಲ್ಲ. ಮತ್ತೆ ಎಳೆಯಿತು.

ನರಿ ದಡಕ್ಕೆ ಬಂತು. ಬಾಲ ಮಾತ್ರ ಮರುದಿನ, ಕೆಳಗಿನ ಮರಳದಿಬ್ಬಕ್ಕೆ ತೇಲಿ ಬಂದಿತ್ತು.

ನೀತಿ: ಒಂದು ಮಾತನ್ನು ಎಷ್ಟು ಜನ ಹೇಳಿದರು ಎಂದು ಎಣಿಸುವ ಮೊದಲು, ಅವರಲ್ಲಿ ಇಳಿದು ನೋಡಿದವರು ಯಾರು ಎಂದು ಕೇಳಬೇಕು.