ಪುಟ ತೆರೆಯದ ಪರೀಕ್ಷೆ

ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಒಬ್ಬ ಸಹಾಯಕಿ ಇದ್ದಳು. ಅವಳ ಗುತ್ತಿಗೆ ಅಂದೇ ಮುಗಿಯುತ್ತಿತ್ತು. ಮುಂದುವರಿಸಲು ಮುಖ್ಯಸ್ಥ ನಂಜುಂಡಾರಾಧ್ಯರ ಸಹಿ ಬೇಕಿತ್ತು. ಅವರಿಗೋ ಆ ಜಾಗಕ್ಕೆ ತಮ್ಮ ಷಡ್ಡಕನ ಮಗಳನ್ನು ತರುವ ಆತುರ.

ಹಳೆಯ ಪ್ರಶ್ನೆಪತ್ರಿಕೆಯಿಂದ ಹತ್ತು ಕೆಲಸ ಎತ್ತಿ ಬರೆದ ಚೀಟಿಯನ್ನು, ಲ್ಯಾಬಿಗೆ ಹೊಸದಾಗಿ ಬಂದ ಕಂಪ್ಯೂಟರಿನ ಎದುರು ಕೂತಿದ್ದ ಅವಳ ಮುಂದಿಟ್ಟರು. "ಯಾವ ಕೆಲಸಕ್ಕೆ ಯಾವ ಕಮಾಂಡ್, ಬರಿಯಮ್ಮ. ಅರ್ಧ ಗಂಟೆ. ಇದರೊಳಗಿರೋ ಲಿನಕ್ಸ್ ಕೈಪಿಡಿಯ ಒಂದು ಪುಟ ತೆರೆದರೂ ಸಹಿ ಇಲ್ಲ."

"ಪದ ಕೊಟ್ಟು ಕಮಾಂಡ್ ಹುಡುಕಬಹುದಾ ಸರ್?"

ಆರಾಧ್ಯರು ನಕ್ಕರು. ಬೆಳಿಗ್ಗೆಯೇ ಆ ಹೊಸ ಯಂತ್ರದಲ್ಲಿ ಹುಡುಕಿ ನೋಡಿದ್ದರು. ಯಾವ ಪದ ಕೊಟ್ಟರೂ ಏನೂ ಸಿಗಲಿಲ್ಲ ಎಂದೇ ಬಂದಿತ್ತು. "ಬೇಕಾದಷ್ಟು ಹುಡುಕು."

ಅವಳು ಒಂದು ಸಾಲು ಟೈಪ್ ಮಾಡಿ ಕೈಕಟ್ಟಿ ಕೂತಳು. ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಆರಾಧ್ಯರು ಗಡಿಯಾರ ನೋಡಿದರು. ಬಾಗಿಲವರೆಗೆ ಹೋದರು, ಬಂದರು, ಮತ್ತೆ ಹೋದರು. "ಏನಮ್ಮಾ, ಧ್ಯಾನವಾ?"

ಓಟ ನಿಂತಿತು. ಅವಳು ಒಂದೊಂದು ಕೆಲಸಕ್ಕೂ ಒಂದು ಪದ ಕೊಟ್ಟು ಹುಡುಕಿದಳು. ಪ್ರತಿ ಸಲವೂ ಕಮಾಂಡಿನ ಹೆಸರು, ಪಕ್ಕದಲ್ಲೇ ಅದರ ಕೆಲಸ ಬಂತು. ಹತ್ತೂ ಬರೆದಳು.

"ಕೈಪಿಡಿ ತೆರೆದೆ!"

"ಇಲ್ಲ ಸರ್, ಅದರ ಸೂಚಿ ಮಾಡಿಸಿದೆ, ಕಮಾಂಡಿನ ಹೆಸರು, ಕೆಲಸ ಇಷ್ಟೇ ಇರೋ ಪಟ್ಟಿ. ಹೊಸ ಯಂತ್ರಕ್ಕೆ ಯಾರೂ ಮಾಡಿಸಿರಲಿಲ್ಲ. ಹುಡುಕಿದ್ದು ಸೂಚಿಯಲ್ಲಿ ಮಾತ್ರ."

"ಇವೆಲ್ಲ ಸರಿ ಅಂತ ಏನು ಗ್ಯಾರಂಟಿ?"

"ನೀವು ಕೈಪಿಡಿ ತೆರೆದು ನೋಡಿ ಸರ್. ನಿಮಗೇನು ಅಡ್ಡಿ?"

ಸುತ್ತ ಕೂತಿದ್ದ ವಿದ್ಯಾರ್ಥಿಗಳು ತಲೆಯೆತ್ತಿದರು. ಕೀಲಿಮಣೆಯತ್ತ ಹೋದ ಆರಾಧ್ಯರ ಕೈ ನಿಂತಿತು.

"ನಾನ್ಯಾಕೆ ನೋಡಲಿ? ನನಗೆ ಎಲ್ಲ ಬಾಯಿಪಾಠ," ಎಂದು ಸಹಿ ಹಾಕಲು ಪೆನ್ನು ತೆಗೆದರು. "ಹತ್ತೂ ಸರಿ."