ಎರಡು ಯಂತ್ರ, ಒಂದು ಗಂಟಲು

ಸುವರ್ಣಾವತಿ ಹೊಳೆಯ ದಡದಲ್ಲಿ ಕರಿಬಸವಯ್ಯ ಎಂಬ ಗುರುಗಳಿದ್ದರು. ಓದು ಬರಹ ಬಾರದವರು. ದೋಣಿ ನಡೆಸುತ್ತಿದ್ದ ತಮ್ಮ ಗುರುವಿನ ಬಾಯಿಂದ ಕೇಳಿ ಕಲಿತ ಏಳುನೂರು ಹಾಡುಗಳು ಅವರ ನಾಲಿಗೆಯ ಮೇಲಿದ್ದವು.

ಆ ಹಾಡುಗಳ ತುಂಬ ದೋಣಿಯವರ ಹಳೆಯ ಮಾತುಗಳು. ಅವುಗಳನ್ನು ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ.

ಶಿಷ್ಯ ಮಲ್ಲಾರಾಧ್ಯ ನಲವತ್ತು ದಾಟಿದವನು. ಹಿಂದೆ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ.

ಗುರುಗಳ ಹಾಡೆಲ್ಲ ನೂರ ನಲವತ್ತು ಕ್ಯಾಸೆಟ್‌ಗಳಲ್ಲಿತ್ತು. ಅದನ್ನು ಯಂತ್ರಕ್ಕೆ ಕೇಳಿಸಿ ಬರಹಕ್ಕಿಳಿಸಬೇಕೆಂಬುದು ಮಲ್ಲನ ಆಸೆ. ಟೇಪುಗಳು ತೇವ ಹಿಡಿದು ಕೆಟ್ಟಿದ್ದವು. ಯಂತ್ರ ಅಲ್ಲಲ್ಲಿ ತಪ್ಪಾಗಿ ಕೇಳಿಸಿಕೊಳ್ಳುವುದು ಖಂಡಿತ; ಅಂಥ ಕಡೆ ಮಲ್ಲನ ಕಿವಿಗೂ ಮಾತು ಹತ್ತುತ್ತಿರಲಿಲ್ಲ. ಆ ತಪ್ಪನ್ನು ತಿದ್ದಬಲ್ಲವರು ಗುರುಗಳೊಬ್ಬರೇ.

ಆ ವರ್ಷ ಗುರುಗಳ ಗಂಟಲು ಕಟ್ಟಿತು. ಒಳಗೆ ಗಡ್ಡೆಯಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಮೈಸೂರಿನ ಡಾಕ್ಟರು. ಆಪರೇಷನ್ನಿಗೆ ಇಪ್ಪತ್ತು ದಿನದ ಆಚೆಗೆ ದಿನ ಗೊತ್ತಾಯಿತು.

ಮಲ್ಲ ಎರಡು ಯಂತ್ರ ತಂದು ಗುರುಗಳ ಮುಂದೆ ಇಟ್ಟ. ಒಂದು ಅವನ ಹಳೆಯ ಕಾಲೇಜು ಬೇಡವೆಂದು ಬಿಟ್ಟ ಸರ್ವರ್. ಇನ್ನೊಂದು ಅವನದೇ ಲ್ಯಾಪ್‌ಟಾಪ್.

"ಬುದ್ಧಿ, ಯಾವುದರಲ್ಲಿ ಮಾಡಲಿ?"

"ಯಾವುದು ಕೆಲಸ ಮಾಡುತ್ತೆ?"

"ಎರಡೂ ಮಾಡ್ತವೆ. ಈ ಸರ್ವರ್ ಒಳಗೆ ಹನ್ನೆರಡು ವರ್ಷ ಹಳೇ ಪ್ರೊಸೆಸರ್ ಎರಡಿವೆ. ಒಟ್ಟು ಹದಿನಾರು ಕೋರ್. ಅಂದ್ರೆ ಹದಿನಾರು ಆಳು ಇದ್ದ ಹಾಗೆ. ಲ್ಯಾಪ್‌ಟಾಪ್‌ನಲ್ಲಿ ನಾಲ್ಕೇ ಆಳು, ಆದ್ರೆ ಹೊಸಬರು, ಚುರುಕು. ತಿನ್ನೋ ಕರೆಂಟೂ ಕಡಿಮೆ. ಯಾವುದು ಮೇಲು ಅಂತ ನೋಡಬೇಕು."

"ನೋಡಿದ ಮೇಲೆ?"

"ಮೇಲಾದದ್ದರಲ್ಲಿ ಶುರು ಮಾಡ್ತೀನಿ."

ಗುರುಗಳು ಎದ್ದುಹೋಗಿ ಹೊಳೆಯ ಮೆಟ್ಟಿಲ ಮೇಲೆ ಕುಳಿತು ಹಾಡತೊಡಗಿದರು. ಧ್ವನಿ ಒಡೆದು ಬರುತ್ತಿತ್ತು.

ಒಳಗೆ ಮಲ್ಲ ಸರ್ವರ್ ಹಚ್ಚಿದ. ಅದರ ಫ್ಯಾನುಗಳ ಸದ್ದಿನಲ್ಲಿ ಹಾಡು ಅವನಿಗೆ ಕೇಳಿಸಲಿಲ್ಲ.

ಮೂರನೆಯ ದಿನ ಅವನು ಬಂದು ಹೇಳಿದ.

"ಒಂದೇ ಕ್ಯಾಸೆಟ್ ಕೊಟ್ಟರೆ ಲ್ಯಾಪ್‌ಟಾಪ್ ನಲವತ್ತು ನಿಮಿಷಕ್ಕೆ ಮುಗಿಸುತ್ತೆ ಬುದ್ಧಿ. ಸರ್ವರ್‌ಗೆ ಐವತ್ತೈದು ಬೇಕು. ಆದ್ರೆ ಸರ್ವರ್ ಒಂದೇ ಸಲಕ್ಕೆ ಎಂಟು ಕ್ಯಾಸೆಟ್ ಕೇಳುತ್ತೆ."

"ಹಾಗಾದ್ರೆ ಸರ್ವರ್."

"ಕರೆಂಟು ಹೋದ್ರೆ ಅದರ ಬ್ಯಾಟರಿ ಹನ್ನೆರಡೇ ನಿಮಿಷ ತಡೆಯೋದು. ಅರ್ಧ ಆದ ಕೆಲಸ ಹಾಳು."

"ಹಾಗಾದ್ರೆ ಲ್ಯಾಪ್‌ಟಾಪ್."

"ಅದು ಮೂರು ಕ್ಯಾಸೆಟ್ ಆಗೋ ಹೊತ್ತಿಗೆ ಬಿಸಿಯಾಗಿ ನಿಧಾನ ಆಗುತ್ತೆ."

ಗುರುಗಳು ಒಳಗೆ ಬಂದು ಸರ್ವರ್ ಮೇಲೆ ಕೈಯಿಟ್ಟರು. ಸುಟ್ಟಿತು. ಲ್ಯಾಪ್‌ಟಾಪ್ ಮೇಲೆ ಇಟ್ಟರು. ಬೆಚ್ಚಗಿತ್ತು.

ಆಮೇಲೆ ಮಲ್ಲನ ಕೈ ಹಿಡಿದು ತಮ್ಮ ಗಂಟಲ ಮೇಲೆ ಇಟ್ಟುಕೊಂಡರು. ಗಡ್ಡೆ ಅವನ ಬೆರಳಿಗೆ ತಾಗಿತು.

"ಇದನ್ನೂ ಅಳೆದು ನೋಡು" ಎಂದರು.

ಮಲ್ಲನ ಕಣ್ಣು ತುಂಬಿತು. ಆದರೂ ಅವನು ಯಂತ್ರದ ಕಡೆಗೇ ಹೋದ. ಬೇಗ ಮುಗಿಸುವ ದಾರಿ ಸಿಕ್ಕರೆ ಎಲ್ಲ ಹಾಡೂ ಉಳಿಯುತ್ತವೆ ಎಂದು ಅವನು ನಂಬಿದ್ದ.

ಆರನೆಯ ದಿನ ಅವನು ಒಂದೇ ಹಾಡಿನ ಎರಡು ಬರಹ ಹಿಡಿದು ಓಡಿಬಂದ.

"ಬುದ್ಧಿ, ಎರಡೂ ಯಂತ್ರ ಒಂದೇ ತಪ್ಪು ಬರೆದಿವೆ! ಎರಡರಲ್ಲೂ 'ಬೇಳೆ' ಅಂತ ಬಂದಿದೆ."

"ಬೇಳೆ ಅಲ್ಲ, ಮೇಳೆ. ದಡದ ಪೊದೆ. ದೋಣಿ ಕಟ್ಟೋ ಜಾಗ."

ಮಲ್ಲ ಹಿಗ್ಗಿ ಅದನ್ನು ಬರೆದುಕೊಂಡ.

"ಕೂತ್ಕೋ. ಇವತ್ತು ಗಂಟಲು ಪರವಾಗಿಲ್ಲ" ಎಂದರು ಗುರುಗಳು.

"ಇನ್ನು ನಾಲ್ಕೇ ದಿನ ಬುದ್ಧಿ. ಎರಡೂ ಮಾಡೋ ತಪ್ಪು ಒಂದೇ ಅಂದಮೇಲೆ ವೇಗ ಒಂದನ್ನ ನೋಡಿದ್ರೆ ಸಾಕು. ಆಮೇಲೆ ಒಟ್ಟಿಗೇ ಕೂತು ತಿದ್ದೋಣ."

ಗುರುಗಳು ಅವನ ಮುಖವನ್ನೇ ನೋಡಿದರು.

ಹನ್ನೊಂದನೆಯ ದಿನ ಬೆಳಿಗ್ಗೆ ಲೆಕ್ಕ ಬಗೆಹರಿಯಿತು. ಕರೆಂಟು ಇರುವಾಗ ಸರ್ವರ್, ಹೋದಾಗ ಲ್ಯಾಪ್‌ಟಾಪ್. ಎಲ್ಲ ಮುಗಿಯಲು ಮೂರು ದಿನ ಸಾಕು.

ಹೇಳಲು ಓಡಿದ. ಗುರುಗಳು ಗೋಡೆಗೆ ಒರಗಿ ಉಸಿರಿಗೆ ಒದ್ದಾಡುತ್ತಿದ್ದರು. ತುಟಿ ನೀಲಿಗಟ್ಟಿತ್ತು.

ಮೈಸೂರು ಮುಟ್ಟಿದ ಕೂಡಲೇ ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಟ್ಟರು. ಮರುದಿನವೇ ಆಪರೇಷನ್ ಎಂದರು.

"ಒಂದು ವಾರ ಮುಂದಕ್ಕೆ ಹಾಕಿ. ಅವರು ಹೇಳಬೇಕಾದ್ದು ತುಂಬ ಇದೆ" ಎಂದು ಮಲ್ಲ ಕೈಮುಗಿದ.

"ಈಗಲೇ ಮಾತು ಹೊರಡ್ತಿಲ್ಲವಲ್ಲ" ಎಂದರು ಡಾಕ್ಟರು, ಮೆಲ್ಲಗೆ.

ಗುರುಗಳು ಆಸ್ಪತ್ರೆಯಲ್ಲಿರುವಾಗಲೇ ಮಲ್ಲ ಕ್ಯಾಸೆಟ್‌ಗಳನ್ನೆಲ್ಲ ಮುಗಿಸಿದ. ಅವನ ಲೆಕ್ಕ ತಪ್ಪಲಿಲ್ಲ. ಸರಿಯಾಗಿ ಮೂರೇ ದಿನ ಹಿಡಿಯಿತು.

ತಿಂಗಳ ಮೇಲೆ ಗುರುಗಳು ದಡಕ್ಕೆ ಮರಳಿದರು. ಮಲ್ಲ ಎದುರಿಗೆ ಕುಳಿತು ಓದಿದ.

ಮೊದಲ ಸಾಲಿಗೆ ಗುರುಗಳು ತಲೆದೂಗಿದರು. ಎರಡನೆಯ ಸಾಲಿಗೆ ಅಲ್ಲವೆಂದು ತಲೆಯಾಡಿಸಿದರು.

"ಯಾವ ಮಾತು ಬುದ್ಧಿ? ಇದಾ?"

ಹೌದು.

"ಏನಾಗಬೇಕು?"

ಗುರುಗಳ ತುಟಿ ಅಲುಗಿತು. ಸದ್ದು ಬರಲಿಲ್ಲ.

ನೀರು, ಅನ್ನ, ಸಾಕು ಎಂಬ ಮಾತುಗಳನ್ನು ಮಲ್ಲ ಅವರ ತುಟಿ ನೋಡಿಯೇ ತಿಳಿಯುತ್ತಿದ್ದ. ಅವು ಬಲ್ಲ ಮಾತುಗಳು. ಇದು ಕಿವಿ ಎಂದೂ ಕೇಳದ ಮಾತು. ಪ, ಬ, ಮ ಮೂರಕ್ಕೂ ತುಟಿ ಮುಚ್ಚುವುದು ಒಂದೇ ತರ.

"ಪಾರೆಯಾ?"

ಅಲ್ಲ.

"ಬಾರೆ? ಮಾರೆ?"

ಅಲ್ಲ. ಅಲ್ಲ.

ಇಪ್ಪತ್ತು ಸಲ ಕೇಳಿದ. ಗುರುಗಳು ಇಪ್ಪತ್ತು ಸಲವೂ ತಾಳ್ಮೆಯಿಂದ ತುಟಿ ಆಡಿಸಿದರು. ಅವರ ಹಣೆಯಲ್ಲಿ ಬೆವರು ಮೂಡಿತು. ಆ ಮಾತು ಸಿಗಲಿಲ್ಲ.

ಮುಂದಿನ ಸಾಲಿನಲ್ಲಿ ಅಂಥವು ಎರಡಿದ್ದವು.

ಮಲ್ಲ ಹಾಳೆಗಳನ್ನು ಕೆಳಗಿಟ್ಟ.

"ಹನ್ನೊಂದು ದಿನ ನಿಮ್ಮ ಗಂಟಲು ನನ್ನ ಎದುರಿಗಿತ್ತು. ಕೂತ್ಕೋ ಅಂದ್ರಿ, ಕೂರಲಿಲ್ಲ. ಹೊಸದು ಮೇಲೋ ಹಳೇದು ಮೇಲೋ ಅಂತ ನೋಡ್ತಾ ಇದ್ದೆ. ಯಾವುದರಲ್ಲಿ ಶುರು ಮಾಡಿದ್ರೂ ಆಗ್ತಿತ್ತು ಬುದ್ಧಿ. ಯಾವುದಾದರೂ ಆಗ್ತಿತ್ತು."

ಅವನು ನೆಲಕ್ಕೆ ಹಣೆ ಹಚ್ಚಿ ಅತ್ತ.

ಗುರುಗಳು ತಡೆಯಲಿಲ್ಲ. ಅಳು ನಿಲ್ಲುವವರೆಗೆ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತರು. ಕೊಳವೆಯಲ್ಲಿ ಉಸಿರು ಸುಯ್ಯೆನ್ನುತ್ತಿತ್ತು.

"ಇವನ್ನ ಹೊಳೆಗೆ ಹಾಕಿಬಿಡ್ತೀನಿ" ಎಂದು ಮಲ್ಲ ಹಾಳೆಗಳಿಗೆ ಕೈ ಚಾಚಿದ. "ತಪ್ಪು ಅಂತ ಗೊತ್ತಿದ್ದೂ ತಿದ್ದಲಾಗದ್ದನ್ನ ಇಟ್ಟುಕೊಂಡು ಏನು ಮಾಡಲಿ?"

ಗುರುಗಳು ಹಾಳೆಗಳನ್ನು ಎತ್ತಿ ಅವನ ಕೈಗೆ ಕೊಟ್ಟರು. ಅವನ ಗಲ್ಲ ಹಿಡಿದು ಮುಖ ತಮ್ಮ ಕಡೆಗೆ ತಿರುಗಿಸಿದರು. ಬಲ್ಲ ಮಾತುಗಳನ್ನೇ ಆರಿಸಿ, ನಿಧಾನವಾಗಿ, ಎರಡು ಸಲ ತುಟಿ ಆಡಿಸಿದರು. ಎರಡನೆಯ ಸಲಕ್ಕೆ ಮಲ್ಲನಿಗೆ ತಿಳಿಯಿತು.

"ಓದು ಮಲ್ಲ. ಎಷ್ಟು ಹೋಯ್ತು ಅಂತ ನನಗಾದರೂ ಗೊತ್ತಾಗಲಿ."